ಅರ್ಧ ಕಿಲೋಮೀಟರ್ ಕೊಳವೆ, ತುದಿಯಲ್ಲೊಂದು ನಕಲಿ ನಕ್ಷತ್ರ

ಅಮೆರಿಕದ ಹಂಟ್ಸ್‌ವಿಲ್‌ನಲ್ಲಿರುವ ನಾಸಾದ ಮಾರ್ಷಲ್ ಕೇಂದ್ರದಲ್ಲಿ ನೆಲದುದ್ದಕ್ಕೂ ಮಲಗಿರುವ ಒಂದು ಕೊಳವೆ ಇದೆ. ಉದ್ದ ಸುಮಾರು 520 ಮೀಟರ್. ಒಂದು ತುದಿಯಲ್ಲಿ ಪುಟ್ಟ ಎಕ್ಸ್-ರೇ ದೀಪ. ಇನ್ನೊಂದು ತುದಿಯಲ್ಲಿ 7 ಮೀಟರ್‌ಗಿಂತ ಜಾಸ್ತಿ ಅಗಲ, 20 ಮೀಟರ್‌ಗಿಂತ ಜಾಸ್ತಿ ಉದ್ದದ ಕೋಣೆ. ಕೊಳವೆಯಲ್ಲೂ ಗಾಳಿ ಇಲ್ಲ, ಕೋಣೆಯಲ್ಲೂ ಇಲ್ಲ. ನಾಸಾದ ಎಕ್ಸ್-ರೇ ಬಾಹ್ಯಾಕಾಶ ಟೆಲಿಸ್ಕೋಪ್ ಚಂದ್ರಾದ ಕನ್ನಡಿಗಳನ್ನು ಈ ಕೋಣೆಯಲ್ಲಿಟ್ಟು, 1996ರ ಡಿಸೆಂಬರ್‌ನಿಂದ 1997ರ ಮೇ ತನಕ ಹಗಲು ರಾತ್ರಿ ಅಳೆದರು. ಆಮೇಲೆ 1999ರ ಜುಲೈನಲ್ಲಿ ಅದನ್ನು ಮೇಲಕ್ಕೆ ಕಳಿಸಿದರು.

ಒಂದು ಕನ್ನಡಿ ಅಳೆಯೋಕೆ ಅರ್ಧ ಕಿಲೋಮೀಟರ್ ಯಾಕೆ ಬೇಕು? ಮೇಲೆ ಕಳಿಸಿ, ಯಾವುದಾದರೂ ನಕ್ಷತ್ರದ ಕಡೆ ತಿರುಗಿಸಿ ನೋಡಿಕೊಂಡರೆ ಆಗಲ್ವಾ?

ಈ ಪ್ರಶ್ನೆಗೆ ಹಬಲ್ ಟೆಲಿಸ್ಕೋಪ್ ದುಬಾರಿ ಉತ್ತರ ಕೊಟ್ಟಿದೆ. 1990ರಲ್ಲಿ ಹಾರಿದ ಅದರ ಕನ್ನಡಿಯ ಅಂಚು 2.2 ಮೈಕ್ರೋಮೀಟರ್‌ನಷ್ಟು ಜಾಸ್ತಿ ಚಪ್ಪಟೆಯಾಗಿತ್ತು. ಉಜ್ಜಿದವರ ಕೈ ತಪ್ಪಿರಲಿಲ್ಲ. ಕನ್ನಡಿಯ ಆಕಾರ ಅಳೆಯುವ ಉಪಕರಣದೊಳಗೆ ಒಂದು ಲೆನ್ಸ್ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಆ ತಪ್ಪು ಅಳತೆಗೆ ತಕ್ಕಂತೆ ಕನ್ನಡಿಯನ್ನು ಬಹಳ ಚೆನ್ನಾಗಿ ಉಜ್ಜಿದ್ದರು! ಬೇರೆ ಸರಳ ಪರೀಕ್ಷೆಗಳಲ್ಲಿ ಏನೋ ಸರಿ ಇಲ್ಲ ಅನ್ನುವ ಸುಳಿವು ಸಿಕ್ಕಿತ್ತು. ದೊಡ್ಡ ಉಪಕರಣವೇ ಸರಿ ಅಂದುಕೊಂಡು ಅದನ್ನು ಬದಿಗೆ ಸರಿಸಿದರು. ಹಬಲ್ ಭೂಮಿಗೆ ಹತ್ತಿರ ಸುತ್ತುತ್ತಿದ್ದ ಕಾರಣ 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿ ಮಾಡಿದರು. ಚಂದ್ರಾ ಹಾಗಲ್ಲ. ಅದರ ಕಕ್ಷೆ ಚಂದ್ರನ ದೂರದ ಮೂರನೇ ಒಂದು ಭಾಗದವರೆಗೂ ಹೋಗುತ್ತದೆ. ಅಲ್ಲಿಗೆ ಸ್ಪ್ಯಾನರ್ ಹಿಡಿದು ಹೋಗೋರು ಯಾರೂ ಇಲ್ಲ.

ಇನ್ನೊಂದು ಕಾರಣ ಇದೆ. ನನ್ನ ಲೆಕ್ಕದಲ್ಲಿ ಇದೇ ಮುಖ್ಯವಾದದ್ದು. ಎಕ್ಸ್-ರೇ ಆಕಾಶದಲ್ಲಿ "ಇದರ ಬೆಳಕು ಇಷ್ಟೇ" ಅಂತ ಕಣ್ಣು ಮುಚ್ಚಿ ನಂಬಬಹುದಾದ ದೀಪ ಇಲ್ಲ. ಸಿಡಿದ ನಕ್ಷತ್ರದ ಉಳಿಕೆಯಾದ ಕ್ರ್ಯಾಬ್ ನೆಬ್ಯುಲಾವನ್ನು ಬಹಳ ಕಾಲ ಅಳತೆಗೋಲಿನಂತೆ ಬಳಸಿದ್ದಾರೆ, ನಿಜ. ಆದರೆ ಕ್ರ್ಯಾಬ್‌ನ ಹೊಳಪು ಗೊತ್ತಾಗಿದ್ದು ಇಂಥದೇ ಉಪಕರಣಗಳಿಂದ. ಅಳತೆಗೋಲನ್ನು ಅದೇ ಅಳತೆಗೋಲಿನಿಂದ ಅಳೆದ ಹಾಗೆ. ಎಷ್ಟು ಫೋಟಾನ್ (ಬೆಳಕಿನ ಕಣ) ಕಳಿಸಿದೆವು, ಎಷ್ಟು ಬಂತು ಅಂತ ಎರಡನ್ನೂ ಎಣಿಸಬಹುದಾದ ಜಾಗ ನೆಲದ ಮೇಲೆ ಮಾತ್ರ ಇದೆ.

ಕನ್ನಡಿ ಅಂದರೆ ಪೀಪಾಯಿ

ಮೊದಲು ಕನ್ನಡಿಯ ಬಗ್ಗೆ ಎರಡು ಮಾತು. ಎಕ್ಸ್-ರೇ ನೇರವಾಗಿ ಬಂದು ಕನ್ನಡಿಗೆ ಬಿದ್ದರೆ ಒಳಗೆ ನುಗ್ಗುತ್ತದೆ ಇಲ್ಲವೇ ಹೀರಿಹೋಗುತ್ತದೆ, ವಾಪಸ್ ಬರುವುದಿಲ್ಲ. ಮೇಲ್ಮೈಯನ್ನು ಸವರಿಕೊಂಡು ಹೋದರೆ ಮಾತ್ರ ಪ್ರತಿಫಲಿಸುತ್ತದೆ. ಮನೆಯಲ್ಲೇ ಇದರ ಅಂದಾಜು ಮಾಡಬಹುದು. ಹೊಳಪಿಲ್ಲದ ನೆಲಕ್ಕೆ ಕೆನ್ನೆ ತಾಗಿಸಿ ದೂರದ ಕಿಟಕಿಯ ಕಡೆ ನೋಡಿ. ನಿಂತು ನೋಡಿದಾಗ ಮಂಕಾಗಿದ್ದ ನೆಲದಲ್ಲಿ ಕಿಟಕಿ ಕಾಣಿಸುತ್ತದೆ. ಓರೆ ಕೋನಕ್ಕೆ ಆ ಶಕ್ತಿ ಇದೆ.

ಹಾಗಾಗಿ ಎಕ್ಸ್-ರೇ ಕನ್ನಡಿ ತಟ್ಟೆಯ ಆಕಾರದಲ್ಲಿ ಇರುವುದಿಲ್ಲ. ಎರಡೂ ಕಡೆ ತೆರೆದ ಪೀಪಾಯಿಯ ಹಾಗಿರುತ್ತದೆ. ಒಳಗೋಡೆಯೇ ಕನ್ನಡಿ. ಕಿರಣ ಮೊದಲು ಮುಂದಿನ ಪೀಪಾಯಿಗೆ ಸವರುತ್ತದೆ, ಆಮೇಲೆ ಹಿಂದಿನದಕ್ಕೆ, ಆಮೇಲೆ ಒಂದು ಬಿಂದುವಿನಲ್ಲಿ ಸೇರುತ್ತದೆ. ಮುಂದಿನದರ ಆಕಾರ ಪ್ಯಾರಾಬೋಲಾ, ಹಿಂದಿನದು ಹೈಪರ್‌ಬೋಲಾ. ಜರ್ಮನಿಯ ಹಾನ್ಸ್ ವೋಲ್ಟರ್ 1952ರಲ್ಲಿ ಕೊಟ್ಟ ವಿನ್ಯಾಸ ಇದು. ಒಂದು ಪೀಪಾಯಿ ಹಿಡಿಯುವ ಬೆಳಕು ತೀರಾ ಕಡಿಮೆ. ಅದಕ್ಕೇ ಒಂದರೊಳಗೊಂದು ಪೀಪಾಯಿ ಕೂರಿಸುತ್ತಾರೆ. ಚಂದ್ರಾದಲ್ಲಿ ಇಂಥ ನಾಲ್ಕು ಜೋಡಿ. ಯುರೋಪಿನ ಎಕ್ಸ್-ರೇ ಉಪಗ್ರಹ ಎಕ್ಸ್‌ಎಂಎಂ-ನ್ಯೂಟನ್‌ನ ಒಂದೊಂದು ಟೆಲಿಸ್ಕೋಪಿನಲ್ಲೂ 58.

ಚಂದ್ರಾದ ಅತಿ ಹೊರಗಿನ ಪೀಪಾಯಿಯ ಅಡ್ಡಳತೆ 1.2 ಮೀಟರ್. ಅಷ್ಟು ದೊಡ್ಡ ವೃತ್ತದ ವಿಸ್ತೀರ್ಣ 11,000 ಚದರ ಸೆಂಟಿಮೀಟರ್‌ಗೂ ಜಾಸ್ತಿ. ಅದರಲ್ಲಿ ಕಿರಣ ನಿಜವಾಗಿ ಒಳಹೋಗಬಹುದಾದ ಉಂಗುರಗಳ ಜಾಗ 1,145 ಚದರ ಸೆಂಟಿಮೀಟರ್ ಅಷ್ಟೇ. ಅದೂ ಪೂರ್ತಿ ದಕ್ಕುವುದಿಲ್ಲ. ಕಡಿಮೆ ಶಕ್ತಿಯ ಕಿರಣಗಳಿಗೆ 800ರ ಆಸುಪಾಸು, 5 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಎಕ್ಸ್-ರೇಯ ಶಕ್ತಿ ಅಳೆಯುವ ಮಾನ ಇದು) ಹೊತ್ತಿಗೆ 400. ಈ ದಕ್ಕುವ ವಿಸ್ತೀರ್ಣ ಒಂದೊಂದು ಶಕ್ತಿಗೆ ಎಷ್ಟೆಷ್ಟು, ಬಿಂದು ಎಷ್ಟು ಚೂಪಾಗಿದೆ. ಕೊಳವೆ ಕಟ್ಟಿದ್ದು ಮುಖ್ಯವಾಗಿ ಈ ಎರಡು ಪ್ರಶ್ನೆಗಳಿಗೆ.

ದೂರದ ಸುಳ್ಳು

ನೆಲದ ಮೇಲೆ ಮಾಡುವ ಯಾವ ಪರೀಕ್ಷೆಯಲ್ಲೂ ಸ್ವಲ್ಪ ಸುಳ್ಳು ಬೆರೆತಿರುತ್ತದೆ. ಇಲ್ಲಿ ಗಾಳಿ ಇದೆ, ತೂಕ ಇದೆ, ನಕ್ಷತ್ರ ಇಲ್ಲ. ವಿನ್ಯಾಸ ಮಾಡುವವರ ಕೆಲಸ ಯಾವ ಸುಳ್ಳನ್ನು ತೆಗೆದುಹಾಕಬೇಕು, ಯಾವುದನ್ನು ಉಳಿಸಿಕೊಂಡು ಲೆಕ್ಕದಲ್ಲಿ ಕಳೆಯಬೇಕು ಅಂತ ಆರಿಸುವುದು. ಪ್ರತಿಯೊಂದು ಕೇಂದ್ರವೂ ಬೇರೆ ಬೇರೆಯಾಗಿ ಆರಿಸಿದೆ. ಅವುಗಳ ರೂಪ ಒಂದೊಂದು ಥರ ಇರುವುದು ಅದಕ್ಕೇ.

ಗಾಳಿಯ ವಿಷಯದಲ್ಲಿ ಆಯ್ಕೆಯೇ ಇಲ್ಲ. 1 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್-ರೇ ನಾವು ಉಸಿರಾಡುವ ಗಾಳಿಯಲ್ಲಿ ಮೂರು ಮಿಲಿಮೀಟರ್ ಹೋಗುವಷ್ಟರಲ್ಲಿ ಸುಮಾರು ಮುಕ್ಕಾಲು ಪಾಲು ಮುಗಿದಿರುತ್ತದೆ. ಆದ್ದರಿಂದ ಪೂರ್ತಿ ದಾರಿಯ ಗಾಳಿಯನ್ನು ಹೊರಹಾಕಲೇಬೇಕು.

ನಕ್ಷತ್ರದ್ದು ಕಷ್ಟದ ಪ್ರಶ್ನೆ. ನಿಜವಾದ ನಕ್ಷತ್ರ ಎಷ್ಟು ದೂರ ಅಂದರೆ ಅದರ ಕಿರಣಗಳು ಕನ್ನಡಿಗೆ ಬರುವಾಗ ಒಂದಕ್ಕೊಂದು ಸಮಾಂತರವಾಗಿರುತ್ತವೆ. ನಮ್ಮ ದೀಪ ಹತ್ತಿರ ಇದೆ. ಅದರ ಕಿರಣಗಳು ಬೀಸಣಿಗೆಯ ಹಾಗೆ ಹರಡಿಕೊಂಡು ಬರುತ್ತವೆ. ಇದರಿಂದ ಎರಡು ಎಡವಟ್ಟು.

ಒಂದು, ಫೋಕಸ್ ಹಿಂದಕ್ಕೆ ಸರಿಯುತ್ತದೆ. ಶಾಲೆಯಲ್ಲಿ ಕಲಿತ ಲೆನ್ಸ್ ಸೂತ್ರವೇ ಸಾಕು. ಚಂದ್ರಾದ ಫೋಕಲ್ ಉದ್ದ ಸುಮಾರು 10 ಮೀಟರ್, ದೀಪದ ದೂರ ಸುಮಾರು 525 ಮೀಟರ್. ಲೆಕ್ಕ ಹಾಕಿದರೆ ಬಿಂದು ಸುಮಾರು 20 ಸೆಂಟಿಮೀಟರ್ ಹಿಂದೆ ಬೀಳುತ್ತದೆ. ಕೇಳೋಕೆ ಸಣ್ಣದು. ಆದರೆ ಚಂದ್ರಾದ ಗುರಿ ಅರ್ಧ ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಡಿಗ್ರಿಯ 3,600ರಲ್ಲಿ ಒಂದು ಭಾಗ), ಅಂದರೆ 10 ಮೀಟರ್ ಆಚೆ ಬರೀ 24 ಮೈಕ್ರೋಮೀಟರ್ ಅಗಲದ ಚುಕ್ಕೆ. ಆ ಚುಕ್ಕೆಯನ್ನು ಹಿಡಿಯುವ ಉಪಕರಣ, ಡಿಟೆಕ್ಟರ್, 0.2 ಮಿಲಿಮೀಟರ್ ಹಿಂದೆ ಮುಂದೆ ಆದರೂ ಅಷ್ಟೇ ದೊಡ್ಡ ಮಸುಕು ಬರುತ್ತದೆ. ಆ ಅಳತೆಗೆ ಹೋಲಿಸಿದರೆ 20 ಸೆಂಟಿಮೀಟರ್ ಅನ್ನುವುದು ಒಂದು ಊರಿನಷ್ಟು ದೂರ. ಇರಲಿ, ಇದನ್ನು ಸರಿದೂಗಿಸುವುದು ಸುಲಭ. ಡಿಟೆಕ್ಟರನ್ನೇ ಹಿಂದಕ್ಕೆ ಇಟ್ಟರಾಯಿತು.

ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕಿರಣ ಹರಡಿಕೊಂಡು ಬಂದರೆ ಮುಂದಿನ ಪೀಪಾಯಿಗೆ ಅದು ತಗಲುವ ಕೋನ ಸ್ವಲ್ಪ ಹೆಚ್ಚಾಗುತ್ತದೆ. ಅಲ್ಲಿಂದ ಹೊರಟ ಮೇಲೆ ಹಿಂದಿನ ಪೀಪಾಯಿಗೆ ತಗಲುವ ಕೋನ ಕಡಿಮೆಯಾಗುತ್ತದೆ. ಎಕ್ಸ್-ರೇಗೆ ಕೋನವೇ ಸರ್ವಸ್ವ. ಕೋನ ಬದಲಾದರೆ ಎಷ್ಟು ಬೆಳಕು ವಾಪಸ್ ಬರುತ್ತದೆ ಅನ್ನುವುದೇ ಬದಲಾಗುತ್ತದೆ. ಜೊತೆಗೆ ಮುಂದಿನ ಪೀಪಾಯಿಯ ಬಾಯಿಯ ಕಡೆ ಬಿದ್ದ ಒಂದಷ್ಟು ಕಿರಣ ಹಿಂದಿನ ಪೀಪಾಯಿಯನ್ನು ಮುಟ್ಟದೇ ಹಾದುಹೋಗುತ್ತದೆ. ಅಂದರೆ ಆ ಭಾಗ ಚೆನ್ನಾಗಿದೆಯೋ ಕೆಟ್ಟಿದೆಯೋ ನಮಗೆ ಗೊತ್ತೇ ಆಗುವುದಿಲ್ಲ.

ಇದು ಎಷ್ಟರ ಮಟ್ಟಿಗೆ ಕಾಡುತ್ತದೆ ಅನ್ನುವುದು ಕೊಳವೆಯ ಉದ್ದಕ್ಕೆ ಬಿಟ್ಟದ್ದು. ಜರ್ಮನಿಯ ಮ್ಯೂನಿಕ್ ಹತ್ತಿರ ನಾಯ್‌ರೀಡ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಪಾಂಟರ್ ಅನ್ನುವ ಕೇಂದ್ರ ಇದೆ. ರೋಸಾಟ್ ಟೆಲಿಸ್ಕೋಪಿಗಾಗಿ ಕಟ್ಟಿದ್ದು. ಆಮೇಲೆ ಎಕ್ಸ್‌ಎಂಎಂ-ನ್ಯೂಟನ್, ಇರೋಸೀಟಾ ಎಲ್ಲದರ ಕನ್ನಡಿಗಳೂ ಅಲ್ಲಿ ಹಾದುಹೋಗಿವೆ. ಅಲ್ಲಿನ ಕೊಳವೆ ಸುಮಾರು 120 ಮೀಟರ್. ಎಕ್ಸ್‌ಎಂಎಂ-ನ್ಯೂಟನ್‌ನ ಹೊರ ಪೀಪಾಯಿಗೆ ಆಕಾಶದಲ್ಲಿ ಕಿರಣ ತಗಲುವ ಕೋನ ಸುಮಾರು 0.67 ಡಿಗ್ರಿ. ಪಾಂಟರ್‌ನಲ್ಲಿ ಹರಡುವಿಕೆಯಿಂದ ಅದಕ್ಕೆ 0.16 ಡಿಗ್ರಿಯಷ್ಟು ಸೇರುತ್ತದೆ. ಹೆಚ್ಚು ಕಡಿಮೆ ಕಾಲು ಪಾಲು! ಹಂಟ್ಸ್‌ವಿಲ್‌ನಲ್ಲಿ ಚಂದ್ರಾಗೆ ಇದೇ ಲೆಕ್ಕ ಹಾಕಿದರೆ 0.86 ಡಿಗ್ರಿಗೆ 0.065 ಮಾತ್ರ ಸೇರುತ್ತದೆ. ಅರ್ಧ ಕಿಲೋಮೀಟರಿನ ಗುಟ್ಟು ಇಷ್ಟೇ.

ದೂರ ಜಾಸ್ತಿ ಇದ್ದರೆ ಇನ್ನೊಂದು ಲಾಭ. ದೀಪವೇ ಒಂದು ಚುಕ್ಕೆಯಂತೆ ಕಾಣಬೇಕಲ್ವಾ? 525 ಮೀಟರ್ ದೂರದಿಂದ ನೋಡಿದರೆ ಅರ್ಧ ಆರ್ಕ್‌ಸೆಕೆಂಡ್ ಅಂದರೆ ಸುಮಾರು 1.3 ಮಿಲಿಮೀಟರ್. ದೀಪದ ಬೆಳಗುವ ಭಾಗ ಅದಕ್ಕಿಂತ ಎಷ್ಟೋ ಚಿಕ್ಕದಿರಬೇಕು. ಇಲ್ಲದಿದ್ದರೆ ಕನ್ನಡಿ ಮಸುಕಾಗಿದೆಯೋ ದೀಪ ದಪ್ಪ ಇದೆಯೋ ಹೇಳಲಾಗುವುದಿಲ್ಲ. 120 ಮೀಟರ್ ದೂರಕ್ಕೆ ಇದೇ ಅರ್ಧ ಆರ್ಕ್‌ಸೆಕೆಂಡ್ 0.3 ಮಿಲಿಮೀಟರ್‌ಗೆ ಇಳಿಯುತ್ತದೆ.

ಕೊಳವೆಯೂ ಕನ್ನಡಿಯೇ

ಉದ್ದ ಕೊಳವೆಗೆ ಅದರದ್ದೇ ತಲೆನೋವುಗಳಿವೆ. ನನಗೆ ಇಷ್ಟವಾದದ್ದು ಇದು: ನೆಲಕ್ಕೆ ಕೆನ್ನೆ ತಾಗಿಸಿ ನೋಡಿದ್ದು ನೆನಪಿದೆಯಲ್ಲ? ಕೊಳವೆಯ ಒಳಗೋಡೆಗೂ ಅದೇ ಮಾತು. ಅಷ್ಟು ಉದ್ದದ ದಾರಿಯಲ್ಲಿ ದೀಪದ ಕಿರಣ ಗೋಡೆಗೆ ತೀರಾ ಓರೆಯಾಗಿ ತಗಲುತ್ತದೆ. ಸಾಧಾರಣ ಲೋಹದ ಗೋಡೆಯೂ ಆಗ ಎಕ್ಸ್-ರೇಯನ್ನು ಪ್ರತಿಫಲಿಸುತ್ತದೆ. ಹಾಗೆ ಕದ್ದು ಬಂದ ಬೆಳಕು ಕನ್ನಡಿಗೆ ಬಿದ್ದರೆ ಒಂದು ನಕ್ಷತ್ರದ ಸುತ್ತ ಇಲ್ಲದ ಮಂಜು ಕಾಣಿಸುತ್ತದೆ. ಆದ್ದರಿಂದ ಕೊಳವೆಯೊಳಗೆ ಅಲ್ಲಲ್ಲಿ ಬಳೆಯಂಥ ತಡೆಗಳನ್ನು ಹಾಕುತ್ತಾರೆ. ದೀಪದಿಂದ ಗೋಡೆಗೆ, ಗೋಡೆಯಿಂದ ಕನ್ನಡಿಗೆ ಒಂದೇ ನೆಗೆತದಲ್ಲಿ ಹೋಗುವ ದಾರಿ ಎಲ್ಲೂ ಉಳಿಯದ ಹಾಗೆ ಅವುಗಳ ಜಾಗ ಲೆಕ್ಕ ಹಾಕುತ್ತಾರೆ.

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಅರ್ಧ ಕಿಲೋಮೀಟರ್ ಉಕ್ಕಿನ ಕೊಳವೆ 20 ಡಿಗ್ರಿ ಬಿಸಿಯಾದರೆ ಸುಮಾರು 12 ಸೆಂಟಿಮೀಟರ್ ಉದ್ದವಾಗುತ್ತದೆ. ಆದ್ದರಿಂದ ನಡುನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆಯ ಜೋಡಣೆ ಬೇಕು. ಕನ್ನಡಿ ಮತ್ತು ಡಿಟೆಕ್ಟರ್ ಕೂತಿರುವ ಮೇಜು ಕೊಳವೆಯ ಎಳೆದಾಟಕ್ಕೆ ಸಿಗಬಾರದು. ಪಂಪಿನ ನಡುಕವಾಗಲಿ ರಸ್ತೆಯಲ್ಲಿ ಹೋಗುವ ಲಾರಿಯ ನಡುಕವಾಗಲಿ ಅದಕ್ಕೆ ಮುಟ್ಟಬಾರದು. ಕನ್ನಡಿಯ ತಾಪಮಾನ ಅತ್ತಿತ್ತ ಆಗಬಾರದು. ಪಂಪಿನಿಂದ ಎಣ್ಣೆಯ ಆವಿ ಹಿಂದಕ್ಕೆ ಬರಬಾರದು. ಗಾಳಿ ತೆಗೆಯುವಾಗ, ವಾಪಸ್ ತುಂಬುವಾಗ ಆತುರ ಮಾಡಿ ಧೂಳೆಬ್ಬಿಸಬಾರದು. ಪಟ್ಟಿ ಉದ್ದ ಇದೆ. ಎಲ್ಲವೂ ಬೇಸರದ ಕೆಲಸವೇ, ಆದರೆ ಒಂದು ಬಿಟ್ಟರೂ ತಿಂಗಳ ಅಳತೆ ನೀರಲ್ಲಿ ಹೋಮ.

ತೂಕದ ಸುಳ್ಳು

ಎಕ್ಸ್‌ಎಂಎಂ-ನ್ಯೂಟನ್‌ನ ಪೀಪಾಯಿಗಳು ನಿಕಲ್ ಹಾಳೆಯವು. ಒಳಗಿನವುಗಳ ದಪ್ಪ ಅರ್ಧ ಮಿಲಿಮೀಟರ್, ಹೊರಗಿನದರದ್ದು 1 ಮಿಲಿಮೀಟರ್‌ಗೆ ಹತ್ತಿರ. 70 ಸೆಂಟಿಮೀಟರ್ ಅಗಲದ ಇಷ್ಟು ತೆಳು ಪೀಪಾಯಿಯನ್ನು ಅಡ್ಡ ಮಲಗಿಸಿದರೆ ಏನಾಗುತ್ತದೆ? ತನ್ನ ತೂಕಕ್ಕೆ ತಾನೇ ಜೋತುಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಎಕ್ಸ್-ರೇಗೆ ಕಾಣುತ್ತದೆ. ಕಕ್ಷೆಯಲ್ಲಿ ಈ ತೊಂದರೆ ಇಲ್ಲ.

ನೆಟ್ಟಗೆ ನಿಲ್ಲಿಸಿದರೆ ತೂಕ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ, ಆಕಾರ ಅಷ್ಟು ಕೆಡುವುದಿಲ್ಲ. ಆದರೆ ಆಗ ದೀಪವನ್ನು ನೂರಾರು ಮೀಟರ್ ಎತ್ತರದ ಗೋಪುರದ ಮೇಲೆ ಇಡಬೇಕು. ಅದು ಆಗದ ಮಾತು. ಬೆಲ್ಜಿಯಂನ ಲಿಯೇಜ್ ಬಾಹ್ಯಾಕಾಶ ಕೇಂದ್ರದವರು ಎಕ್ಸ್‌ಎಂಎಂ-ನ್ಯೂಟನ್‌ಗಾಗಿ ಇದಕ್ಕೊಂದು ಉಪಾಯ ಮಾಡಿದರು. ನೆಟ್ಟಗಿನ ನಿರ್ವಾತ ಕೋಣೆ ಕಟ್ಟಿ, ಎಕ್ಸ್-ರೇ ಬದಲು ಅದಕ್ಕಿಂತ ಮೃದುವಾದ ಅತಿ-ನೇರಳೆ ಬೆಳಕನ್ನು ಕನ್ನಡಿಗಳ ಸಹಾಯದಿಂದ ಸಮಾಂತರ ಮಾಡಿ ಬಿಟ್ಟರು. ಬಿಂದುವಿನ ಚೂಪು ಅಲ್ಲಿ ಅಳೆದರು. ಎಕ್ಸ್-ರೇಗೆ ಎಷ್ಟು ಬೆಳಕು ದಕ್ಕುತ್ತದೆ ಅನ್ನುವುದನ್ನು ಅಡ್ಡ ಮಲಗಿದ ಪಾಂಟರ್‌ನಲ್ಲಿ ಅಳೆದರು. ಒಂದು ಕಡೆಯ ಸುಳ್ಳನ್ನು ಇನ್ನೊಂದು ಕಡೆ ಹಿಡಿದು ಹಾಕಿದರು. ಒಂದೇ ಮಹಾ ಪರೀಕ್ಷೆಯನ್ನು ನಂಬಿ ಕೂರುವುದಕ್ಕಿಂತ ಇದು ಜಾಣತನ ಅನ್ನಿಸುತ್ತದೆ. ಹಬಲ್ ಕಥೆಯಲ್ಲಿ ಕೈಕೊಟ್ಟಿದ್ದೂ ಅದೇ ಅಲ್ವಾ?

ಚಂದ್ರಾದ ಪೀಪಾಯಿಗಳು ದಪ್ಪ ಗಾಜಿನಂಥ ಜೆರೋಡೂರ್‌ನವು, ಅಷ್ಟು ಜೋಲುವುದಿಲ್ಲ. ಆದರೆ ಅಲ್ಲಿನ ಗುರಿಯೂ ಅಷ್ಟೇ ಕಠಿಣ. ಅಡ್ಡ ಮಲಗಿಸಿಯೇ ಅಳೆದು, ತೂಕದಿಂದ ಎಲ್ಲೆಲ್ಲಿ ಎಷ್ಟು ಬಾಗಿರಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಬಾಗಿದ ಕನ್ನಡಿಯಿಂದ ಬರಬೇಕಾದ ಚಿತ್ರವನ್ನು ಮೊದಲೇ ಊಹಿಸಿಟ್ಟು, ಬಂದ ಚಿತ್ರದ ಜೊತೆ ಹೋಲಿಸಿದರು. ಎರಡೂ ಹೊಂದಿದರೆ ಲೆಕ್ಕದಿಂದ ತೂಕವನ್ನು ತೆಗೆದುಹಾಕಿ "ಕಕ್ಷೆಯಲ್ಲಿ ಹೀಗಿರುತ್ತದೆ" ಅನ್ನಬಹುದು. ಪರೀಕ್ಷೆಯಲ್ಲಿ ಸಿಕ್ಕ ಅಂಕಿಯನ್ನು ಯಾರೂ ನೇರವಾಗಿ ಕಕ್ಷೆಗೆ ಒಯ್ಯುವುದಿಲ್ಲ. ಒಯ್ಯುವುದು ಪರೀಕ್ಷೆಯಲ್ಲಿ ತಿದ್ದಿಕೊಂಡ ಲೆಕ್ಕವನ್ನು.

ಹದಿನಾರು ಬಾಗಿಲು

ಈಗ ಕೋಣೆಯೊಳಗೆ ಹೋಗಿ ಒಂದು ಅಳತೆಯನ್ನು ಹತ್ತಿರದಿಂದ ನೋಡೋಣ.

ಚಂದ್ರಾದ ಕನ್ನಡಿಗಳ ಹಿಂದೆ ಒಂದು ಬಾಗಿಲುಗಳ ಚೌಕಟ್ಟು ಇಟ್ಟಿದ್ದರು. ನಾಲ್ಕು ಪೀಪಾಯಿ ಜೋಡಿ, ಪ್ರತಿಯೊಂದಕ್ಕೂ ಮೇಲೆ, ಕೆಳಗೆ, ಎಡ, ಬಲ ಅಂತ ನಾಲ್ಕು ಬಾಗಿಲು. ಒಟ್ಟು ಹದಿನಾರು. ಯಾವುದನ್ನು ಬೇಕಾದರೂ ತೆರೆಯಬಹುದು, ಮುಚ್ಚಬಹುದು. ಪೀಪಾಯಿಗಳಿಗೆ 1, 3, 4, 6 ಅಂತ ಹೆಸರು. 2 ಮತ್ತು 5 ಎಲ್ಲಿ ಅಂತ ಕೇಳಬೇಡಿ. ಮೊದಲ ಯೋಜನೆಯಲ್ಲಿ ಆರು ಜೋಡಿ ಇದ್ದವು, ಖರ್ಚು ಇಳಿಸುವಾಗ ಎರಡನ್ನು ಕೈಬಿಟ್ಟರು. ನಂಬರ್ ಮಾತ್ರ ಹಾಗೇ ಉಳಿಯಿತು.

1ನೇ ಪೀಪಾಯಿಯ ಮೇಲಿನ ಬಾಗಿಲು ಮಾತ್ರ ತೆರೆದಿದ್ದೀರಿ ಅಂದುಕೊಳ್ಳಿ. ಚುಕ್ಕೆ ಎಲ್ಲಿ ಬಿತ್ತು ಅಂತ ಬರೆದುಕೊಳ್ಳುತ್ತೀರಿ. ಮೇಲಿನದನ್ನು ಮುಚ್ಚಿ ಕೆಳಗಿನದನ್ನು ತೆರೆಯುತ್ತೀರಿ. ಡಿಟೆಕ್ಟರ್ ಸರಿಯಾದ ಫೋಕಸ್‌ನಲ್ಲಿದ್ದರೆ ಎರಡೂ ಚುಕ್ಕೆ ಒಂದೇ ಕಡೆ ಬೀಳುತ್ತವೆ. ಡಿಟೆಕ್ಟರ್ ಹಿಂದೆ ಅಥವಾ ಮುಂದೆ ಇದ್ದರೆ ಒಂದು ಮೇಲೆ, ಒಂದು ಕೆಳಗೆ ಬೀಳುತ್ತದೆ. ಎಡ ಬಲದ ಬಾಗಿಲುಗಳಲ್ಲೂ ಇದನ್ನೇ ಮಾಡುತ್ತೀರಿ. ನಾಲ್ಕು ಚುಕ್ಕೆಗಳ ನಡುವಿನ ಅಂತರ ನೋಡಿದರೆ ಡಿಟೆಕ್ಟರನ್ನು ಎತ್ತ, ಎಷ್ಟು ಸರಿಸಬೇಕು ಗೊತ್ತಾಗುತ್ತದೆ. ಮುಂದಿನ ಮತ್ತು ಹಿಂದಿನ ಪೀಪಾಯಿಗಳು ಒಂದಕ್ಕೊಂದು ಸ್ವಲ್ಪ ವಾಲಿವೆಯೋ ಅನ್ನುವುದೂ ಅದರಲ್ಲೇ ಸಿಗುತ್ತದೆ. ಚಿತ್ರ ಚೆನ್ನಾಗಿ ಬರುವ ತನಕ ಸುಮ್ನೆ ಅತ್ತಿತ್ತ ತಿರುಗಿಸುತ್ತಾ ಕೂರಬೇಕಿಲ್ಲ.

ಬೆಳಕು ಎಷ್ಟು ದಕ್ಕಿತು ಅನ್ನುವ ಅಳತೆ ಕೇಳೋಕೆ ಒಂದು ಭಾಗಾಕಾರ ಅಷ್ಟೇ. ಕನ್ನಡಿಯ ಬಾಯಿಯ ಹತ್ತಿರ ಒಂದು ಎಣಿಸುವ ಡಿಟೆಕ್ಟರ್ ಇಡಿ. ಅದರ ಕಿಟಕಿ 1 ಚದರ ಸೆಂಟಿಮೀಟರ್ ಇರಲಿ. ಸೆಕೆಂಡಿಗೆ 100 ಫೋಟಾನ್ ಬಂತು ಅನ್ನೋಣ. ಫೋಕಸ್‌ನಲ್ಲಿ ಇನ್ನೊಂದು ಡಿಟೆಕ್ಟರ್. ಅಲ್ಲಿ ಸೆಕೆಂಡಿಗೆ 40,000 ಬಂದರೆ ಕನ್ನಡಿಯ ದಕ್ಕುವ ವಿಸ್ತೀರ್ಣ 400 ಚದರ ಸೆಂಟಿಮೀಟರ್. ಎರಡೂ ಕಡೆ ಒಂದೇ ಬಗೆಯ ಡಿಟೆಕ್ಟರ್ ಇಟ್ಟರೆ ಅದರ ಸ್ವಂತ ಲೋಪದೋಷ ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ. ಹಂಟ್ಸ್‌ವಿಲ್‌ನಲ್ಲಿ ಕನ್ನಡಿಯ ಬಾಯಿಯ ಸುತ್ತ ಇಂಥ ನಾಲ್ಕು ಡಿಟೆಕ್ಟರ್‌ಗಳಿದ್ದವು.

ಆದರೆ ತೊಡಕು ಇಲ್ಲೇ ಇದೆ. ಶೇಕಡಾ 1ರಷ್ಟು ನಿಖರತೆ ಬೇಕು ಅಂದರೆ ಕನಿಷ್ಠ 10,000 ಫೋಟಾನ್ ಎಣಿಸಬೇಕು. ಬಾಯಿಯ ಹತ್ತಿರದ ಡಿಟೆಕ್ಟರಿಗೆ ಇದಕ್ಕೆ 100 ಸೆಕೆಂಡ್ ಬೇಕು. ಬೇಗ ಮುಗಿಸೋಣ ಅಂತ ದೀಪ ಜೋರು ಮಾಡಿದರೆ ಫೋಕಸ್‌ನಲ್ಲಿರುವ ಡಿಟೆಕ್ಟರ್ ಉಸಿರುಗಟ್ಟುತ್ತದೆ. ಒಂದು ಫೋಟಾನ್ ಎಣಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ, ಎಣಿಕೆ ತಪ್ಪುತ್ತದೆ. ದೀಪ ಮಂದ ಮಾಡಿದರೆ ದಿನಗಟ್ಟಲೆ ಕಾಯಬೇಕು. ಹೊರಗಿನ ಡಿಟೆಕ್ಟರಿನ ಕಿಟಕಿ ದೊಡ್ಡದು ಮಾಡಬಹುದು. ಆಗ ಎರಡೂ ಒಂದೇ ಥರ ಅನ್ನುವ ಅನುಕೂಲ ಸ್ವಲ್ಪ ಸಡಿಲವಾಗುತ್ತದೆ, ಕಿಟಕಿಯ ವಿಸ್ತೀರ್ಣವನ್ನೇ ಬೇರೆಯಾಗಿ ಅಳೆಯಬೇಕಾಗುತ್ತದೆ. ಮೇಲಾಗಿ ನಾಲ್ಕು ಮೂಲೆಯ ಡಿಟೆಕ್ಟರಿಗೆ ಬಿದ್ದಷ್ಟೇ ಬೆಳಕು ನಡುವಿನ ಕನ್ನಡಿಗೂ ಬೀಳುತ್ತಿದೆ ಅಂತ ಯಾರು ಹೇಳಿದರು? ಅದಕ್ಕೆ ಒಂದು ಡಿಟೆಕ್ಟರನ್ನು ಕಿರಣದ ಅಡ್ಡಕ್ಕೂ ನಡೆಸಿ ನಕ್ಷೆ ಮಾಡಿಕೊಳ್ಳಬೇಕು.

ದೀಪದ ಬಗ್ಗೆಯೂ ಒಂದು ಮಾತು. ಅದು ಬಲ್ಬಲ್ಲ. ಲೋಹದ ತುಂಡಿಗೆ ಎಲೆಕ್ಟ್ರಾನ್‌ಗಳನ್ನು ಅಪ್ಪಳಿಸಿದರೆ ಆ ಲೋಹಕ್ಕೇ ಮೀಸಲಾದ ಶಕ್ತಿಯ ಎಕ್ಸ್-ರೇ ಬರುತ್ತದೆ. ಅಲ್ಯೂಮಿನಿಯಂಗೆ 1.49 ಕಿಲೋ ಎಲೆಕ್ಟ್ರಾನ್ ವೋಲ್ಟ್, ಟೈಟೇನಿಯಂಗೆ 4.51, ಕಬ್ಬಿಣಕ್ಕೆ 6.40, ತಾಮ್ರಕ್ಕೆ 8.05. ಲೋಹ ಅಲ್ಲದ ಇಂಗಾಲಕ್ಕೆ 0.28. ತುಂಡು ಬದಲಿಸುತ್ತಾ ಹೋದರೆ ಒಂದೊಂದೇ ಶಕ್ತಿಗೆ ಅಳತೆ ಸಿಗುತ್ತದೆ. ನಡುವೆ ಖಾಲಿ ಉಳಿಯುವ ಜಾಗ ಮಾತ್ರ ಕಾಡುತ್ತದೆ. ಚಂದ್ರಾದ ಕನ್ನಡಿಗೆ ಇರಿಡಿಯಂ ಲೇಪ ಇದೆ. 2 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿದ ಕೂಡಲೇ ಇರಿಡಿಯಂ ಎಕ್ಸ್-ರೇಯನ್ನು ಜಾಸ್ತಿ ನುಂಗತೊಡಗುತ್ತದೆ, ಪ್ರತಿಫಲನ ದಿಢೀರ್ ಕುಸಿಯುತ್ತದೆ. ಅಂಥ ಜಾಗದಲ್ಲಿ ಹೆಜ್ಜೆ ಹೆಜ್ಜೆಗೂ ಅಳೆಯಬೇಕು. ಆದ್ದರಿಂದ ಕನ್ನಡಿಗಳ ಜೊತೆಗೇ ಲೇಪ ಹಾಕಿದ ಪುಟ್ಟ ಚಪ್ಪಟೆ ತುಂಡುಗಳನ್ನು ಅಮೆರಿಕದ ಬ್ರೂಕ್‌ಹೇವನ್‌ನಲ್ಲಿರುವ ಸಿಂಕ್ರೊಟ್ರಾನ್‌ಗೆ (ಬೇಕಾದ ಶಕ್ತಿಯ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಒಯ್ದು ನುಣ್ಣಗೆ ಅಳೆದರು.

ಕೊಳವೆ ಇಲ್ಲದೆಯೂ ಆಗುತ್ತದಾ?

ಆಗುತ್ತದೆ, ಇನ್ನೊಂದು ಬೆಲೆ ತೆತ್ತು. ಇಡೀ ಕನ್ನಡಿಗೆ ಒಟ್ಟಿಗೆ ಬೆಳಕು ಬಿಡುವ ಬದಲು ಪೆನ್ಸಿಲ್‌ನಷ್ಟು ಸಣ್ಣ ಕಿರಣ ಬಿಟ್ಟು, ಗೋಡೆಗೆ ಸುಣ್ಣ ಬಳಿದ ಹಾಗೆ ಅಂಗುಲ ಅಂಗುಲವಾಗಿ ಕನ್ನಡಿಯನ್ನು ಹಾಯಿಸಬಹುದು. ಸಣ್ಣ ಕಿರಣದೊಳಗೆ ಹರಡುವಿಕೆ ಕಡಿಮೆ. ನಾಸಾದ ಗೊಡಾರ್ಡ್ ಕೇಂದ್ರದ 100 ಮೀಟರ್ ಕೊಳವೆಯಲ್ಲಿ ಎಕ್ಸ್‌ರಿಸಂ ಟೆಲಿಸ್ಕೋಪಿನ ಕನ್ನಡಿಗಳನ್ನು ಹೀಗೇ ಅಳೆದದ್ದು. ತೆರಬೇಕಾದ ಬೆಲೆ ಸಮಯ. ಜೊತೆಗೆ ಚೂರು ಚೂರಾಗಿ ಅಳೆದದ್ದನ್ನು ಸೇರಿಸಿ ಇಡೀ ಚಿತ್ರ ಕಟ್ಟಬೇಕಾದರೆ, ಗಂಟೆಗಟ್ಟಲೆ ನಡೆಯುವ ಓಡಾಟದಲ್ಲಿ ಕಿರಣದ ದಿಕ್ಕು ಒಂದಿಷ್ಟೂ ಅಲುಗಬಾರದು.

ಇಟಲಿಯ ಮೆರಾಟೆಯಲ್ಲಿರುವ ಬ್ರೆರಾ ವೀಕ್ಷಣಾಲಯದವರು ಬಿಯಾಟ್ರಿಕ್ಸ್ ಅಂತ ಇನ್ನೂ ಚಂದದ ದಾರಿ ಹಿಡಿದಿದ್ದಾರೆ. ಚುಕ್ಕೆ ದೀಪದ ಮುಂದೆ ಒಂದು ಕನ್ನಡಿ ಇಟ್ಟು ಕಿರಣಗಳನ್ನು ಸಮಾಂತರ ಮಾಡುತ್ತಾರೆ. ಆಮೇಲೆ ಓರೆಯಾಗಿ ಕತ್ತರಿಸಿದ ಸಿಲಿಕಾನ್ ಹರಳಿನ ಮೇಲೆ ಹಾಯಿಸಿ ಅದನ್ನು ಅಗಲ ಮಾಡುತ್ತಾರೆ. ಕೊನೆಗೆ ಸಿಗುವುದು 17 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಸಮಾಂತರ ಪಟ್ಟಿ. ಎಲ್ಲ ಒಂದು ದೊಡ್ಡ ಹಾಲ್‌ನೊಳಗೆ ಹಿಡಿಸುತ್ತದೆ. ಹರಳು ಒಂದೇ ಶಕ್ತಿಯನ್ನು ಆರಿಸಿಕೊಳ್ಳುವುದರಿಂದ ಶಕ್ತಿ ಬದಲಿಸುವುದು ಸುಲಭವಲ್ಲ. ಅವರ ಗುರಿಗೆ ಅದು ಸಾಕು. ಯುರೋಪಿನ ಮುಂದಿನ ಟೆಲಿಸ್ಕೋಪ್ ನ್ಯೂಅಥೀನಾಗೆ ಪೀಪಾಯಿಗಳೇ ಇಲ್ಲ. ಸಿಲಿಕಾನ್ ಫಲಕಗಳನ್ನು ಪೇರಿಸಿ ಮಾಡಿದ ನೂರಾರು ಪುಟ್ಟ ತುಣುಕುಗಳನ್ನು ಜೋಡಿಸಿ ಕನ್ನಡಿ ಕಟ್ಟುತ್ತಾರೆ. ಅಷ್ಟು ತುಣುಕುಗಳನ್ನು ಒಂದೊಂದಾಗಿ ಉದ್ದ ಕೊಳವೆಗೆ ಇಳಿಸಿ, ಪ್ರತಿ ಸಲ ಗಾಳಿ ತೆಗೆದು ಕೂತರೆ ವರ್ಷಗಳೇ ಬೇಕು. ಬಿಯಾಟ್ರಿಕ್ಸ್ ಅನ್ನು ದಿನಕ್ಕೆ ಒಂದೆರಡು, ಮೂರು ತುಣುಕು ನೋಡಿ ಮುಗಿಸುವ ಲೆಕ್ಕದಲ್ಲಿ ಕಟ್ಟಿದ್ದಾರೆ.

ಜೋಡಿಸಿದ ಪೂರ್ತಿ ಕನ್ನಡಿಯದ್ದು ಬೇರೆಯೇ ಸಮಸ್ಯೆ. ಅದರ ಫೋಕಲ್ ಉದ್ದ 12 ಮೀಟರ್. 120 ಮೀಟರ್ ಕೊಳವೆಯಲ್ಲಿಟ್ಟರೆ ಚುಕ್ಕೆ 1.3 ಮೀಟರ್ ಹಿಂದೆ ಬೀಳುತ್ತದೆ. ಅಗಲವೂ ಕೊಳವೆಗಿಂತ ಜಾಸ್ತಿ. ನೆಟ್ಟಗೆ ನಿಲ್ಲಿಸಿ, ಸಮಾಂತರ ಕಿರಣದ ದೀಪವನ್ನೇ ಕನ್ನಡಿಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ ನಡೆಸುವ ವರ್ಟ್-ಎಕ್ಸ್ ಅನ್ನುವ ವಿನ್ಯಾಸ ಇಟಲಿಯಲ್ಲೇ ಹುಟ್ಟಿದೆ. ತೂಕ, ದೂರ ಎರಡೂ ಸುಳ್ಳನ್ನು ಒಟ್ಟಿಗೆ ಹತೋಟಿಗೆ ತರುವ ಪ್ರಯತ್ನ ಅದು.

ಹತ್ತು ವರ್ಷ ಆದಮೇಲೆ ತೆರೆದ ಕಡತ

ಚಂದ್ರಾ ಹಾರಿದ ಮೇಲೆ ಒಂದು ಕಿರಿಕಿರಿ ಶುರುವಾಯಿತು. ಗ್ಯಾಲಕ್ಸಿಗಳ ದೊಡ್ಡ ಗುಂಪುಗಳಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿ ಅನಿಲ ತುಂಬಿರುತ್ತದೆ. ಅದರ ತಾಪಮಾನ ಅಳೆದರೆ ಚಂದ್ರಾ ಒಂದು ಹೇಳುತ್ತಿತ್ತು, ಎಕ್ಸ್‌ಎಂಎಂ-ನ್ಯೂಟನ್ ಅದಕ್ಕಿಂತ ಕಡಿಮೆ ಹೇಳುತ್ತಿತ್ತು. ತೀರಾ ಬಿಸಿಯಾದ ಗುಂಪುಗಳಲ್ಲಿ ಅಂತರ ಎದ್ದು ಕಾಣುತ್ತಿತ್ತು. ಇತ್ತ ಚಂದ್ರಾದ ಕನ್ನಡಿಯ ಮೇಲೆ ಹೈಡ್ರೋಕಾರ್ಬನ್‌ನ ತೆಳು ಪದರ ಇದೆ ಅನ್ನುವ ಸುಳಿವೂ ಇರಿಡಿಯಂ ಕುಸಿಯುವ ಆ 2 ಕಿಲೋ ಎಲೆಕ್ಟ್ರಾನ್ ವೋಲ್ಟ್ ಜಾಗದಲ್ಲಿ ಸಿಕ್ಕಿತ್ತು. ಸುಮಾರು 2 ನ್ಯಾನೋಮೀಟರ್ ದಪ್ಪ. ಅಷ್ಟಕ್ಕೇ ದಕ್ಕುವ ವಿಸ್ತೀರ್ಣ ಬದಲಾಗುತ್ತದೆ. ಇದನ್ನು ಹಾರಿದ ಮೇಲೆ ಕೂತ ಕೊಳೆ ಅಂದುಕೊಂಡು ಲೆಕ್ಕಕ್ಕೆ ಸೇರಿಸಿದ್ದರು.

ಆಮೇಲೆ ಹಂಟ್ಸ್‌ವಿಲ್‌ನ ಹಳೆ ಅಳತೆಗಳನ್ನು ಮತ್ತೆ ತೆಗೆದು ನೋಡಿದರು. ಬಾಗಿಲುಗಳ ಪುಣ್ಯ, ಅದರಲ್ಲಿ ಒಂದೊಂದು ಪೀಪಾಯಿಯನ್ನೂ ಬೇರೆ ಬೇರೆಯಾಗಿ ಅಳೆದದ್ದಿತ್ತು. ಒಂದೊಂದಕ್ಕೂ ಒಂದೊಂದು ದಪ್ಪದ ಪದರ ಹಾಕಿದರೆ ಲೆಕ್ಕ ಕೂಡಿಬರುತ್ತಿತ್ತು. ಅಂದರೆ ಕೊಳೆ ಕೂತದ್ದು ಕಕ್ಷೆಯಲ್ಲಿ ಅಲ್ಲ. ಪರೀಕ್ಷೆಯ ಹೊತ್ತಿಗಾಗಲೇ ಅದು ಕನ್ನಡಿಯ ಮೇಲಿತ್ತು. ನೆಲದ ಅಳತೆಯಲ್ಲಿ ಅದರ ಪರಿಣಾಮ ಒಮ್ಮೆ ಸೇರಿತ್ತು, ಮೇಲೆ ಹೋದ ಮೇಲೆ ಇನ್ನೊಮ್ಮೆ ಸೇರಿಸಿದ್ದರು. 2009ರ ಜನವರಿಯಲ್ಲಿ ತಿದ್ದಿದ ಅಂಕಿಗಳು ಹೊರಬಂದವು. ಬಿಸಿ ಗುಂಪುಗಳ ತಾಪಮಾನ ಇಳಿಯಿತು, ಎರಡು ಟೆಲಿಸ್ಕೋಪುಗಳ ಜಗಳ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.